ಅಜಲು ನಿಷೇಧದ ಪಾಠ: ಕೊರಗರ ಪೌರತ್ವ ಮತ್ತು ಶಾಲೆಯ ಹೊಣೆ

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಅರ್ಧ ಶತಮಾನವಾದ ಮೇಲೂ ಕರ್ನಾಟಕದ ಶಾಸನಸಭೆ ಒಂದೇ ಸಮುದಾಯದ ಹೆಸರಿನಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಅದೇ 2000ದ ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ. ಕರಾವಳಿಯ ಪೌರಶಿಕ್ಷಣ ಈ ಕಾನೂನಿನಿಂದಲೇ ಆರಂಭವಾಗಬೇಕೆಂಬುದು ನನ್ನ ವಾದ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯ ಕೊರಗರು ಬುಟ್ಟಿ ಹೆಣೆಯುವ, ಡೋಲು ಬಾರಿಸುವ, ತಮ್ಮದೇ ನುಡಿಯುಳ್ಳ ಆದಿವಾಸಿಗಳು. ರಾಜ್ಯದಲ್ಲಿ ಜೇನುಕುರುಬರ ಜೊತೆ ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಾದವರು. ಕಾನೂನು ಅಜಲನ್ನು ವಿವರಿಸುವ ಬಗೆ ಗಮನಾರ್ಹ. ಕೂದಲು, ಉಗುರು ಬೆರೆಸಿದ ಆಹಾರವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು, ದುಡಿಸಿಕೊಂಡು ಕೂಲಿ ಕೊಡದಿರುವುದು, ಎಲ್ಲವನ್ನೂ ಅದು ಹೆಸರಿಟ್ಟು ಹೇಳುತ್ತದೆ. ಅಜಲು ಮಾಡಿಸುವವರ ಮನೆಯ ಅನಿಷ್ಟ ಕೊರಗರ ಮೈಗೆ ದಾಟಿಹೋಗುತ್ತದೆಂಬ ನಂಬಿಕೆಯೇ ಈ ಪದ್ಧತಿಯ ಬೇರು. ಆದ್ದರಿಂದ ಮಾಡಿಸಿದವರ ಕಣ್ಣಿಗೆ ಈ ಕ್ರೌರ್ಯ ಬರಿಯ ಕಟ್ಟಳೆಯಾಗಿ ಕಂಡಿತು.

ನನ್ನನ್ನು ಬಹಳ ಕಾಡುವುದು ಕೊರಗ ಸಮುದಾಯದಿಂದ ಬಂದ ದೈವ ಕೊರಗಜ್ಜನ ವಿಷಯ. ವಸ್ತು ಕಳೆದುಹೋದರೆ ತುಳುನಾಡಿನ ಎಲ್ಲ ಜಾತಿಯವರೂ ಆತನಿಗೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೊರುತ್ತಾರೆ. ದೈವವಾದ ಕೊರಗನಿಗೆ ಸಂದ ಗೌರವ ಬದುಕಿರುವ ಕೊರಗರಿಗೆ ಸಲ್ಲಲಿಲ್ಲ. ಭಕ್ತಿಯೊಂದರಿಂದಲೇ ಸಮಾನತೆ ಬಾರದು.

ವಂಚಿತರ ಪೌರಶಿಕ್ಷಣವೆಂದರೆ ಅವರಿಗೆ ಅವರ ಹಕ್ಕು ತಿಳಿಸುವುದೆಂಬ ರೂಢಿಯಿದೆ. ಅದಕ್ಕೆ ಕಾರಣವೂ ಇತ್ತು. ಸಮಾಜ ಸುಧಾರಕ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕಾಲಕ್ಕೆ ದಲಿತರಿಗೆ ಅಕ್ಷರವೇ ನಿಲುಕುತ್ತಿರಲಿಲ್ಲ. ವಂಚಿತರಿಗೆ ಕಲಿಸುವುದೇ ಅಂದಿನ ತುರ್ತು. ಇಂದು ಅಷ್ಟು ಸಾಲದು. ಅಜಲು ಮಾಡಿಸಿದವರು ಕೊರಗರಲ್ಲದವರು, ಹಾಗಾಗಿ ಪಾಠ ಅವರ ಮಕ್ಕಳಿಗೂ ಬೇಕು. ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಕೈಗೊಂಡ ನಿರ್ಧಾರ ಸ್ವಾಗತಾರ್ಹ. ಆದರೆ ಪೀಠಿಕೆ ಹೇಳುವ ಭ್ರಾತೃತ್ವ ತನ್ನೂರಲ್ಲೇ ಎಲ್ಲಿ ಮುರಿದಿತ್ತೆಂದು ತಿಳಿಯದ ಮಗುವಿಗೆ ಆ ಮಾತು ಬಾಯಿಪಾಠವಷ್ಟೇ ಆಗುತ್ತದೆ.

ಪಾಠ ಮಾಡುವಾಗ ತರಗತಿಯ ಕೊರಗ ಮಗುವನ್ನು ಎಬ್ಬಿಸಿ ನಿಲ್ಲಿಸಿ ನಿದರ್ಶನವಾಗಿಸಕೂಡದು. ಅದು ಇನ್ನೊಂದು ಅವಮಾನ. ಅಜಲಿನ ವಿರುದ್ಧ ದನಿಯೆತ್ತಿದ ಸಮುದಾಯದವರೇ ಪಾಠ ಬರೆಯುವಲ್ಲಿ ಜೊತೆಗಿರಬೇಕು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ತರಬೇತಿಗೆ ಈ ಕಾನೂನನ್ನು ಸೇರಿಸಲಿ.