ಯಾವ ವಿಷಯ ಓದಬೇಕು ಅಂತ ಹೇಳೋರು ಯಾರು?



ಮೊದಲ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಮಕ್ಕಳು ಕೇಳೋ ಪ್ರಶ್ನೆ ಒಂದಿದೆ: "ಅಣ್ಣಾ, ಈ ಕೋರ್ಸ್ ಆಗ್ತಿಲ್ಲ, ಬೇರೆದಕ್ಕೆ ಹೋಗಬಹುದಾ?" ಭೀಮಸಮುದ್ರದ ಕಡೆಯಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಓದೋಕೆ ಹೋದವರು ಇದನ್ನ ಏನೋ ತಪ್ಪು ಮಾಡಿದವರ ಥರ ದನಿ ತಗ್ಗಿಸಿ ಕೇಳ್ತಾರೆ. ಕೇಳದೇ ಇರೋರೂ ಇದ್ದಾರೆ. ಅವರು ಕೋರ್ಸ್ ಬದಲಿಸಲ್ಲ, ಕಾಲೇಜನ್ನೇ ಬಿಟ್ಟು ಅಡಿಕೆ ಸುಲಿಯೋಕೆ ವಾಪಸ್ ಬರ್ತಾರೆ. ಅವರಿಗಾಗಿ ಈ ಚರಿತ್ರೆ.

ಬಾಬಾಸಾಹೇಬರ ವಿಷಯ ಮೊದಲ ಸಲ ಬದಲಾದದ್ದು ಅವರ ಇಷ್ಟದಿಂದಲ್ಲ. ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಓದೋ ಆಸೆ ಇತ್ತು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಕಲಿಸಲ್ಲ ಅಂದ್ರು. ಪರ್ಷಿಯನ್ ತಗೊಳ್ಳಬೇಕಾಯ್ತು. ಹುಡುಗನ ಬುದ್ಧಿ, ಅಂಕ, ಆಸಕ್ತಿ ಯಾವುದನ್ನೂ ನೋಡಲಿಲ್ಲ. ಜಾತಿ ನೋಡಿ ವಿಷಯ ಹಂಚಿದ್ರು. ಮುಂದೆ ಅದೇ ಹುಡುಗ ಸಂಸ್ಕೃತವನ್ನು ತಾನೇ ಕಲಿತ, ಶಾಸ್ತ್ರಗಳನ್ನ ಬಿಚ್ಚಿಟ್ಟು ಪ್ರಶ್ನೆ ಮಾಡಿದ.

1913ರ ಫೆಬ್ರವರಿಯಲ್ಲಿ ತಂದೆ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಕರಾರಿಗೆ ಸಹಿ ಬಿತ್ತು. ನಿಗದಿಪಡಿಸಿದ ವಿಷಯ ಓದಬೇಕು, ವಾಪಸ್ ಬಂದು ಹತ್ತು ವರ್ಷ ಸಂಸ್ಥಾನಕ್ಕೆ ದುಡೀಬೇಕು. ತಿಂಗಳಿಗೆ 11.50 ಪೌಂಡ್, ಮೂರು ವರ್ಷ. 22ರ ಯುವಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ.

ಹೋದ ತಕ್ಷಣ ಗಟ್ಟಿಯಾಗಿ ಕೂತು ಓದಿಬಿಟ್ರು ಅಂದ್ಕೋಬೇಡಿ. ಮೊದಲು ಸೇರಿದ್ದು ಹಾರ್ಟ್ಲಿ ಹಾಲ್ ಅನ್ನೋ ಹಾಸ್ಟೆಲ್. ಅಲ್ಲಿಯ ಊಟ ಒಗ್ಗಲಿಲ್ಲ. ಬಿಟ್ಟು ಕಾಸ್ಮೊಪಾಲಿಟನ್ ಕ್ಲಬ್‌ಗೆ ಹೋದ್ರು. ಅದನ್ನೂ ಬಿಟ್ಟು ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭತೇನ ಅನ್ನೋ ಪಾರ್ಸಿ ಗೆಳೆಯನ ಜೊತೆ ನೆಲೆ ಕಂಡ್ರು. ಹಾಸ್ಟೆಲ್ ಅನ್ನ ಇಳೀತಿಲ್ಲ ಅಂತ ನಾಚಿಕೊಳ್ಳೋ ಮಕ್ಕಳಿಗೆ ಇದನ್ನ ಹೇಳಿ. ಒಗ್ಗಿಕೊಳ್ಳೋಕೆ ಬಾಬಾಸಾಹೇಬರಿಗೂ ಟೈಮ್ ಬೇಕಾಯ್ತು.

ಆಮೇಲೆ ಓದಿದ ಪಟ್ಟಿ ನೋಡಿ. ಅರ್ಥಶಾಸ್ತ್ರದ 29 ಕೋರ್ಸ್, ಇತಿಹಾಸದ 11, ಸಮಾಜಶಾಸ್ತ್ರದ 6, ತತ್ವಶಾಸ್ತ್ರದ 5, ಮಾನವಶಾಸ್ತ್ರದ 4, ರಾಜ್ಯಶಾಸ್ತ್ರದ 3. ಮುಖ್ಯ ವಿಷಯ ಅರ್ಥಶಾಸ್ತ್ರ. ಆದರೆ 1916ರ ಮೇ 9ರಂದು ಜಾತಿ ಹೇಗೆ ಹುಟ್ಟಿತು ಅನ್ನೋ ಹೆಸರಾಂತ ಪ್ರಬಂಧ ಓದಿದ್ದು ಮಾನವಶಾಸ್ತ್ರದ ಸೆಮಿನಾರಿನಲ್ಲಿ, ಗೋಲ್ಡನ್‌ವೈಸರ್ ಮೇಷ್ಟ್ರ ಮುಂದೆ. ಅವತ್ತು ಪಕ್ಕದ ಕ್ಲಾಸಿಗೆ ಕಾಲಿಡದೇ ಇದ್ದಿದ್ರೆ ಆ ಬರಹ ನಮಗೆ ಸಿಗ್ತಿತ್ತಾ?

ಅದೇ ವರ್ಷ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಜೊತೆಗೆ ಗ್ರೇಸ್ ಇನ್‌ನಲ್ಲಿ ಕಾನೂನಿಗೂ ಸೇರಿದ್ರು. 1917ರಲ್ಲಿ ವಿದ್ಯಾರ್ಥಿವೇತನ ಮುಗಿದು ಅರ್ಧಕ್ಕೆ ವಾಪಸ್ ಬರಬೇಕಾಯ್ತು. ಬರೋಡಾದಲ್ಲಿ ಅಷ್ಟು ಓದಿದವರಿಗೆ ಇರೋಕೆ ಒಂದು ಮನೆ ಸಿಗಲಿಲ್ಲ. ಬಾಂಬೆಯಲ್ಲಿ ಪಾಠ ಮಾಡಿ ಕೂಡಿಟ್ಟ ದುಡ್ಡು, ಶಾಹು ಮಹಾರಾಜರ ನೆರವು, ಅದೇ ಭತೇನ ಕೊಟ್ಟ ಸಾಲ, ಇಷ್ಟನ್ನ ಹಿಡಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಎರಡೂ ಓದು ಮುಗಿಸಿದ್ರು. ಆ ಕಾನೂನೇ ಮುಂದೆ ಸಂವಿಧಾನದ ತನಕ ನಡೀತು.

ಈಗ ನಮ್ಮ ನಾಡಿಗೆ ಬನ್ನಿ. ಬಾಬಾಸಾಹೇಬರು ಜಾತಿಯ ಪ್ರಬಂಧ ಓದಿದ ಅದೇ 1916ರ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಆದ್ರೆ ಬಾಗಿಲು ದಾಟಿದ ಮಾತ್ರಕ್ಕೆ ನೆಮ್ಮದಿ ಸಿಗಲಿಲ್ಲ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದದ್ದಕ್ಕೆ ಕಾಲೇಜು, ಹಾಸ್ಟೆಲುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೀತು. ಮಾತಾಡಿದವರು ಮಂತ್ರಿ, ಏಟು ತಿಂದವರು ಹಾಸ್ಟೆಲ್ ಹುಡುಗರು.

ಆ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ಎದ್ದಿತು. ಅದನ್ನ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು, ಹುಟ್ಟಿದ್ದು ಹರಿಹರ. ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಕವಿ ಸಿದ್ಧಲಿಂಗಯ್ಯನವರು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು. ಕೇರಿಯ ಮಾರವ್ವ, ದುರ್ಗವ್ವ ಯೂನಿವರ್ಸಿಟಿಯ ಒಳಗೆ ಬಂದ್ರು. ನಮ್ಮವರು ತಮ್ಮ ಕೋರ್ಸಿನ ಜೊತೆಗೆ ಯೂನಿವರ್ಸಿಟಿಯ ಕೋರ್ಸನ್ನೂ ಬದಲಿಸಿದ್ರು.

ಹೈದರಾಬಾದಿನ ರೋಹಿತ್ ವೇಮುಲನನ್ನೂ ನೆನೀಬೇಕು. ಜೀವವಿಜ್ಞಾನದ ಪಿಎಚ್‌ಡಿಗೆ ಸೇರಿದ್ದವನು ವಿಜ್ಞಾನ ಮತ್ತು ಸಮಾಜದ ನಂಟನ್ನ ಓದೋ ವಿಭಾಗಕ್ಕೆ ತಾನಾಗಿ ಬದಲಾದ. ವಿಜ್ಞಾನದ ಲೇಖಕ ಆಗೋ ಕನಸು ಅವನದು. ಆ ಬದಲಾವಣೆ ಅವನನ್ನ ಕುಗ್ಗಿಸಲಿಲ್ಲ. ತಿಂಗಳುಗಟ್ಟಲೆ ಫೆಲೋಶಿಪ್ ಕೈಗೆ ಬರಲಿಲ್ಲ, ಹಾಸ್ಟೆಲಿಂದ ಹೊರಗೆ ಹಾಕಿದ್ರು. 2016ರ ಜನವರಿ 17ರಂದು ಅವನನ್ನ ಕಳಕೊಂಡ್ವಿ.

ಮೇಲ್ಜಾತಿ ಮನೆಯ ಹುಡುಗ ಕೋರ್ಸ್ ಬಿಟ್ರೆ "ಆಸಕ್ತಿ ಬದಲಾಯ್ತು" ಅಂತಾರೆ. ನಮ್ಮ ಹುಡುಗಿ ಬಿಟ್ರೆ "ಕೋಟಾದಲ್ಲಿ ಬಂದವಳು, ಕೈಲಾಗಲಿಲ್ಲ" ಅಂತಾರೆ. ಅವನಿಗೆ ಅಪ್ಪನ ಜೇಬಿದೆ. ಇವಳಿಗೆ ಇರೋದು ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ. ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿದ್ದಾಗ, 1944ರಲ್ಲಿ ಶುರುವಾದ ಯೋಜನೆ ಅದು. ಆದ್ರೆ ಅದರ ಮಾರ್ಗಸೂಚಿಯಲ್ಲಿ ಬಹುಕಾಲದಿಂದ ಒಂದು ಸಾಲಿದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ವಿಷಯವನ್ನೋ ಕಾಲೇಜನ್ನೋ ಬದಲಿಸಿದರೆ ವಿದ್ಯಾರ್ಥಿವೇತನ ರದ್ದಾಗಬಹುದು. ಬರೋಡಾ ಕರಾರಿನ ನೆರಳು ಇನ್ನೂ ನಮ್ಮ ಮಕ್ಕಳ ಮೇಲಿದೆ.

ಅದಕ್ಕೆ ನಮ್ಮ ಬೇಡಿಕೆ: ಮೊದಲ ವರ್ಷದಲ್ಲಿ ಕೋರ್ಸ್ ಬದಲಿಸಿದ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಯ ಸ್ಕಾಲರ್‌ಶಿಪ್ಪೂ ಹಾಸ್ಟೆಲ್ ಸೀಟೂ ತಪ್ಪಬಾರದು. ಸಂಘಟನೆಗಳು ಇದನ್ನ ಸಮಾಜ ಕಲ್ಯಾಣ ಇಲಾಖೆಯ ಮುಂದೆ ಲಿಖಿತವಾಗಿ ಇಡಬೇಕು.

ಬದಲಿಸೋ ಮನಸ್ಸಿರೋ ತಮ್ಮ ತಂಗಿಯರಿಗೆ: ಟಿಸಿ ತಗೊಳ್ಳೋ ಮೊದಲು ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಈಗಿನ ನಿಯಮ ಕೇಳಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ಹಾಸ್ಟೆಲ್ ವಾರ್ಡನ್‌ಗೂ ಒಂದು ಪ್ರತಿ ಕೊಡಿ. ಒಬ್ಬರೇ ಹೋಗೋಕೆ ಅಳುಕಿದ್ರೆ ನಮ್ಮನ್ನ ಕರೀರಿ, ಜೊತೆಗೆ ಬರ್ತೀವಿ. ಕೋರ್ಸ್ ಬೇಕಾದ್ರೆ ಬಿಡಿ, ಓದು ಮಾತ್ರ ಬಿಡಬೇಡಿ.

ಜೈ ಭೀಮ್.