ಒಗ್ಗುಕಥೆಯ ಪರಂಪರೆಯೂ ಗದ್ದರ್ ಅವರ ಹಾಡೂ

ಹೈದರಾಬಾದಿನ ಕಾವ್ಯಚರಿತ್ರೆಯೆಂದೊಡನೆ ಕುಲಿ ಕುತುಬಶಾಹನ ದಖನಿ ಕವಿತೆಗಳೂ ನಿಜಾಮರ ಕಾಲದ ಮುಷಾಯಿರಗಳೂ ನೆನಪಿಗೆ ಬರುವುದು ಸಹಜವೇ. ಆದರೆ ಆ ನಗರದ ಸುತ್ತಣ ಹಳ್ಳಿಗಳಲ್ಲಿ ಅಕ್ಷರವರಿಯದ ಗಾಯಕರು ಕಂಠದಿಂದ ಕಂಠಕ್ಕೆ ದಾಟಿಸಿಕೊಂಡು ಬಂದ ಮತ್ತೊಂದು ಕಾವ್ಯಧಾರೆಯು ಕಳೆದ ಶತಮಾನದ ಉತ್ತರಾರ್ಧದಲ್ಲಿ ರಾಜಧಾನಿಯನ್ನು ಹೊಕ್ಕು, ಅಲ್ಲಿನ ದುಡಿಯುವ ಜನರ ನಾಲಗೆಯಲ್ಲಿ ನೆಲೆಗೊಂಡ ಬಗೆಯೂ ಅಷ್ಟೇ ಸ್ಮರಣೀಯವಾದುದು.

ಆ ಧಾರೆಯ ಒಂದು ಪ್ರಮುಖ ಪ್ರಕಾರ ಒಗ್ಗುಕಥೆ. ನಮ್ಮ ಹಾಲುಮತದವರು ಡೊಳ್ಳಿನ ಹಾಡಿನಲ್ಲಿ ಬೀರಪ್ಪನನ್ನು ಸ್ತುತಿಸುವಂತೆಯೇ ತೆಲಂಗಾಣದ ಕುರುಮರು ಮಲ್ಲಣ್ಣ, ಬೀರಪ್ಪ, ಎಲ್ಲಮ್ಮರ ಚರಿತ್ರೆಗಳನ್ನು ಒಗ್ಗು ಎಂಬ ಡಮರುಗದ ನಾದದೊಡನೆ ಹಾಡುವರು. ಮುಂದಾಳು ಒಂದು ನುಡಿಯನ್ನೆತ್ತಿದರೆ ಹಿಮ್ಮೇಳದವರು ಅದರ ಕೊನೆಯನ್ನು ಹಿಡಿದು ಮುಂದುವರಿಸುವರು. ಹಾಡು ನಿಂತು ಮಾತಾಗುವುದು, ಮಾತು ಮತ್ತೆ ಹಾಡಾಗುವುದು. 1946ರಿಂದ 1951ರವರೆಗೆ ತೆಲಂಗಾಣದಲ್ಲಿ ನಡೆದ ರೈತ ಹೋರಾಟದಲ್ಲಿ ಬುರ್ರಕಥೆ, ಗೊಲ್ಲಸುದ್ದುಲು ಮೊದಲಾದ ಸೋದರ ಪ್ರಕಾರಗಳು ದೊರೆಗಳೆನಿಸಿದ ಜಮೀನ್ದಾರರ ದೌರ್ಜನ್ಯವನ್ನೂ ಬಿಟ್ಟಿದುಡಿಮೆಯ ಸಂಕಟವನ್ನೂ ವಸ್ತುವಾಗಿ ಸ್ವೀಕರಿಸಿದುವು. ಸುದ್ದಾಲ ಹನುಮಂತು ಅವರಂಥ ಕವಿಗಳು ಮೂಡಿಬಂದುದು ಆಗಲೇ.

ಈ ಪರಂಪರೆಯನ್ನು ನಗರದ ಬೀದಿಗೆ ತಂದವರು ಮೇದಕ್ ಜಿಲ್ಲೆಯ ತೂಪ್ರಾನಿನ ದಲಿತ ಕುಟುಂಬದಲ್ಲಿ ಜನಿಸಿದ ಗುಮ್ಮಡಿ ವಿಠಲರಾವ್. ಬ್ರಿಟಿಷರ ವಿರುದ್ಧ ಬಂಡೆದ್ದ ಗದರ್ ಪಕ್ಷದಿಂದ ಪಡೆದ ಗದ್ದರ್ ಎಂಬ ಹೆಸರೇ ಅವರಿಗೆ ಸ್ಥಿರವಾಯಿತು. ರಿಕ್ಷಾ ತುಳಿಯುವವನನ್ನು ಕೂಗಿ ಕರೆಯುವ ಹಾಡಿನಿಂದ ಮೊದಲ್ಗೊಂಡ ಅವರು, ಕೆನರಾ ಬ್ಯಾಂಕಿನಲ್ಲಿ ಕೆಲಕಾಲ ಗುಮಾಸ್ತರಾಗಿದ್ದು, 1984ರಲ್ಲಿ ಆ ಉದ್ಯೋಗವನ್ನು ತೊರೆದು ನಕ್ಸಲೀಯ ಚಳವಳಿಯ ಸಾಂಸ್ಕೃತಿಕ ಅಂಗವಾದ ಜನನಾಟ್ಯ ಮಂಡಳಿಯ ಕಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಬರಿಮೈಯ ಮೇಲೆ ಕಂಬಳಿ, ಕಾಲಲ್ಲಿ ಗೆಜ್ಜೆ, ಕೈಯಲ್ಲೊಂದು ಕೋಲು ಧರಿಸಿ, ತಮಟೆಯ ಲಯಕ್ಕೆ ಹೆಜ್ಜೆಯಿಡುತ್ತ, ಪಲ್ಲವಿಯ ನಡುವೆಯೇ ಸರಕ್ಕನೆ ನಿಂತು ಸಭಿಕರೊಡನೆ ಸಂಭಾಷಿಸಿ, ಒಡನೆಯೇ ಹಿಮ್ಮೇಳದ ಶ್ರುತಿಗೆ ಮರಳುತ್ತಿದ್ದ ಅವರ ರೀತಿಯಲ್ಲಿ ಒಗ್ಗುಕಥೆಗಾರನ ಶಿಸ್ತು ಸ್ಪಷ್ಟವಾಗಿ ಗೋಚರಿಸುತ್ತಿತ್ತು. ಅಜ್ಞಾತವಾಸದಿಂದ ಹೊರಬಂದು 1990ರಲ್ಲಿ ನಿಜಾಮ್ ಕಾಲೇಜಿನ ಮೈದಾನದಲ್ಲಿ ಅವರು ಹಾಡಿದಾಗ ಅಪಾರ ಜನಸ್ತೋಮವು ನೆರೆಯಿತು.

1997ರ ಏಪ್ರಿಲ್ 6ರಂದು ಗುಂಡೇಟು ತಿಂದು, ತೆಗೆಯಲಾಗದೆ ಉಳಿದ ಒಂದು ಗುಂಡನ್ನು ದೇಹದಲ್ಲಿಟ್ಟುಕೊಂಡೇ ಅವರು ಮುಂದೆಯೂ ಹಾಡಿದರು. ಪ್ರತ್ಯೇಕ ತೆಲಂಗಾಣದ ಚಳವಳಿಗೂ ಧ್ವನಿಯಾದರು. 2023ರ ಆಗಸ್ಟ್ 6ರಂದು ಹೈದರಾಬಾದಿನಲ್ಲಿ ಕಾಲವಾದರು. ಅವರ ರಾಜಕೀಯ ಮಾರ್ಗವನ್ನು ಕುರಿತು ಭಿನ್ನಾಭಿಪ್ರಾಯಗಳಿರುವುದು ಸ್ವಾಭಾವಿಕ. ಆದರೆ ಜನರಿಗೆ ಮೊದಲೇ ಪರಿಚಿತವಾದ ಧಾಟಿಯಲ್ಲಿ ಹೊಸ ಅರ್ಥವನ್ನು ತುಂಬಿ, ಕೇಳುವವನನ್ನೂ ಹಿಮ್ಮೇಳದವನನ್ನಾಗಿ ಮಾಡಿಕೊಂಡ ಅವರ ಕಾವ್ಯಸಿದ್ಧಿಯು ಕುರುಮರ ಆ ಹೆಸರಿಲ್ಲದ ಗುರುಗಳಿಗೆ ಸಲ್ಲಬೇಕಾದ ಗೌರವವೂ ಹೌದು. ಗದ್ದರ್ ಅವರನ್ನೂ ಆ ಗುರುಗಳನ್ನೂ ಬಿಟ್ಟು ಬರೆದ ಹೈದರಾಬಾದಿನ ಸಾಹಿತ್ಯಚರಿತ್ರೆಯು ಅಪೂರ್ಣವೆಂದೇ ನನ್ನ ದೃಢವಾದ ನಂಬಿಕೆ.