ಕುದುರೆಗೊಂದು, ಕ್ರಿಕೆಟ್ಟಿಗೊಂದು: ಕರ್ನಾಟಕದಲ್ಲಿ ಬಾಜಿಯ ಕಾನೂನು ಬೆಳೆದ ಬಗೆ

ಹಾಸನ ಜಿಲ್ಲೆಯ ಕೊಣನೂರಿನಿಂದ ಕುಶಾಲನಗರದ ಹಾದಿ ಹಿಡಿದರೆ ಕೊಡಗಿನ ಶಿರಂಗಾಲ ಸಿಗುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಇಲ್ಲಿದ್ದುದು ಜಿಲ್ಲೆಯ ಗಡಿಯಲ್ಲ, ರಾಜ್ಯದ ಗಡಿ. ಈಚೆಗೆ ಮೈಸೂರಿನ ಕಾನೂನು, ಆಚೆಗೆ ಕೊಡಗಿನದು. ಧಾರವಾಡ, ಬೆಳಗಾವಿಯವರಿಗೆ 1887ರ ಮುಂಬೈ ಜೂಜು ತಡೆ ಕಾಯ್ದೆ, ಮಂಗಳೂರಿನವರಿಗೆ 1930ರ ಮದರಾಸು ಕಾಯ್ದೆ, ಕಲಬುರಗಿಯವರಿಗೆ ನಿಜಾಮರ ಕಾಯ್ದೆ. ಜೂಜಿನ ವಿಚಾರದಲ್ಲಿ ಕನ್ನಡ ನಾಡು ಒಂದಾದದ್ದು ಏಕೀಕರಣದ ದಿನವಲ್ಲ, 1963ರ ಪೊಲೀಸ್ ಕಾಯ್ದೆಯ ಮೂಲಕ.

ಈ ಹಳೆಯ ಕಾನೂನುಗಳ ಕಣ್ಣು ಇದ್ದುದು ಜೂಜುಕಟ್ಟೆಯ ಮೇಲೆ, ಇಸ್ಪೀಟಿನ ಮೇಲೆ. ಆಟದ ಪಂದ್ಯಕ್ಕೆ ಕಟ್ಟುವ ಬಾಜಿಯನ್ನು ಅವು ಪ್ರತ್ಯೇಕ ವಿಷಯವಾಗಿ ಎತ್ತಿಕೊಂಡಿದ್ದು ಕಡಿಮೆ. ಎತ್ತಿಕೊಂಡಾಗಲೂ ಅದು ಕುದುರೆಯ ಸಲುವಾಗಿ. ಇಂದಿನ ಗೊಂದಲದ ಬೇರು ಅಲ್ಲೇ ಇದೆ ಎಂಬುದು ಈ ಲೇಖನದ ವಾದ.

ಮೈಸೂರು ರೇಸ್ ಕ್ಲಬ್ ಆರಂಭವಾದದ್ದು 1891ರಲ್ಲಿ, ಬೆಂಗಳೂರು ಟರ್ಫ್ ಕ್ಲಬ್ 1921ರಲ್ಲಿ. ಸಂಸ್ಥಾನ 1932ರಲ್ಲಿ ಬಾಜಿ ತೆರಿಗೆಯ ಕಾಯ್ದೆ ತಂದಿತು. 1952ರಲ್ಲಿ ರೇಸ್‌ಕೋರ್ಸುಗಳಿಗೆ ಪರವಾನಗಿ ಕೊಡುವ ಕಾಯ್ದೆ ಬಂತು. 1963ರ ಕಾಯ್ದೆ ಜೂಜನ್ನು ವಿವರಿಸುವಾಗ ಕುದುರೆಗೆ ಬಾಗಿಲು ತೆರೆದೇ ಇಟ್ಟಿತು. ಓಟದ ದಿನವೇ, ಪರವಾನಗಿ ಇರುವ ಮೈದಾನದ ಗೊತ್ತುಪಡಿಸಿದ ಆವರಣದಲ್ಲಿ ಕಟ್ಟಿದ ಬಾಜಿ ಅಪರಾಧವಲ್ಲ. ಹಾಸನ ಜಿಲ್ಲೆಯಲ್ಲಿ ಅಂಥ ಮೈದಾನವಿಲ್ಲ. ಕೊಣನೂರಿನವನು ಕಾನೂನುಬದ್ಧವಾಗಿ ಕುದುರೆಗೆ ದುಡ್ಡು ಕಟ್ಟಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಸರ್ಕಾರಕ್ಕೆ ತೆರಿಗೆ ತರುವ ಜೂಜು ಸಭ್ಯ, ತರದ ಜೂಜು ಪಾಪ ಎಂದು ಯಾರಾದರೂ ಅಂದರೆ ಚರಿತ್ರೆಯಲ್ಲಿ ಅದಕ್ಕೆ ಆಧಾರ ಸಿಗುತ್ತದೆ. ಕುದುರೆ ಓಟ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ, ತಮಿಳುನಾಡಿನ ಪ್ರಕರಣದಲ್ಲಿ. ನಮ್ಮಲ್ಲಿ ಆ ವಿನಾಯಿತಿ ಅದಕ್ಕೂ ಎಷ್ಟೋ ಹಿಂದಿನದು.

ಉಳಿದ ಆಟಗಳ ಗತಿ ಏನು? 1963ರ ಅದೇ ಕಾಯ್ದೆಯ 2(7)ನೇ ಕಲಮಿನಲ್ಲಿ ಒಂದು ವಿವರಣೆ ಇದೆ. ಅದೃಷ್ಟದ ಆಟ ಎಂದರೆ ಅದರಲ್ಲಿ ಅಂಗಸಾಧನೆಯ ಆಟವಾಗಲಿ ಕ್ರೀಡೆಯಾಗಲಿ ಸೇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಬಹುಕಾಲ ಇದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಮ್ಯಾಚ್ ಫಿಕ್ಸಿಂಗ್ ಬಯಲಿಗೆ ಬಂದು ಆಟಗಾರರ ಮೇಲೆ ವಂಚನೆಯ ಮೊಕದ್ದಮೆ ಹೂಡಿದಾಗ ಆ ವಿವರಣೆ ಹೈಕೋರ್ಟಿನ ಮುಂದೆ ಬಂತು. 2022ರ ಜನವರಿ 10ರಂದು ಏಕಸದಸ್ಯ ಪೀಠ ಮೊಕದ್ದಮೆಯನ್ನು ರದ್ದುಮಾಡಿತು. ಫಿಕ್ಸಿಂಗ್ ಅಶಿಸ್ತು ನಿಜ, ಕ್ರಮ ಕೈಗೊಳ್ಳಬೇಕಾದ್ದು ಕ್ರಿಕೆಟ್ ಮಂಡಳಿ, ಅದು ದಂಡ ಸಂಹಿತೆಯ ವಂಚನೆಯಲ್ಲ ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: ಕ್ರಿಕೆಟ್ ಕ್ರೀಡೆಯಾದ್ದರಿಂದ, ಬೆಟ್ಟಿಂಗ್ ನಡೆದಿದ್ದರೂ ಅದು ಪೊಲೀಸ್ ಕಾಯ್ದೆಯ ಜೂಜಿನ ವ್ಯಾಖ್ಯೆಯೊಳಗೆ ಬರುವುದಿಲ್ಲ. ಐಪಿಎಲ್ ಬಂತೆಂದರೆ ಬುಕ್ಕಿಗಳ ಮೇಲೆ 78ನೇ ಕಲಮಿನಡಿ ಕೇಸು ಹಾಕುವ ಠಾಣೆಗಳಿಗೆ ಇದು ನುಂಗಲಾರದ ಮಾತು. ಮಟ್ಕಾ ಕೇಸುಗಳಲ್ಲಿ ಬೇರೆಯದೇ ತೊಡಕು. 78(3)ರ ಅಪರಾಧ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿ ಕ್ರಮವಾಗಿ ಪಡೆಯದೆ ತನಿಖೆಗಿಳಿದ ಕಾರಣಕ್ಕೆ ಎಷ್ಟೋ ಪ್ರಕರಣಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿವೆ.

ಜೂಜಿನ ಕಾನೂನು ರಾಜ್ಯಕ್ಕೊಂದು ಏಕೆ ಎಂಬುದಕ್ಕೆ ಉತ್ತರ ಸಂವಿಧಾನದ ಏಳನೇ ಅನುಸೂಚಿ, ರಾಜ್ಯಪಟ್ಟಿಯ 34ನೇ ನಮೂದು. ಅದನ್ನು ಗಟ್ಟಿಗೊಳಿಸಿದ ತೀರ್ಪಿಗೂ ನಮ್ಮ ನಾಡಿಗೂ ನಂಟಿದೆ. ಮುಂಬೈ ಸರ್ಕಾರ 1948ರಲ್ಲಿ ಬಹುಮಾನ ಸ್ಪರ್ಧೆಗಳಿಗೆ ಕಡಿವಾಣ ಹಾಕಿದಾಗ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ತಮ್ಮ ಪದಬಂಧ ಸ್ಪರ್ಧೆಯ ವ್ಯವಹಾರವನ್ನು ಬೆಂಗಳೂರಿಗೆ ತಂದರು. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಗೆ ಓದುಗರೂ ಪ್ರವೇಶ ಶುಲ್ಕವೂ ಮುಂಬೈಯಿಂದಲೇ ಹೇರಳವಾಗಿ ಬರುತ್ತಿದ್ದವು. ಮುಂಬೈ ಕಾಯ್ದೆಗೆ 1952ರಲ್ಲಿ ತಂದ ತಿದ್ದುಪಡಿ ಹೊರರಾಜ್ಯದ ಪತ್ರಿಕೆಗಳನ್ನೂ ತೆರಿಗೆಗೆ ಒಳಪಡಿಸಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಮುಂಬೈಯ ಪರ ನಿಂತು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದಿತು. ಗಡಿ ದಾಟಿ ಕಾನೂನು ತಪ್ಪಿಸಿಕೊಳ್ಳುವ ಉಪಾಯ ಮೊಬೈಲ್ ಆ್ಯಪ್‌ಗಳ ಕಾಲದ್ದಲ್ಲ.

ಆ ನಮೂದಿನ ಬಲದಿಂದ ರಾಜ್ಯಗಳು ತಮತಮಗೆ ತೋಚಿದ ದಾರಿ ಹಿಡಿದವು. ಮೇಘಾಲಯ ಬಿಲ್ಲುಗಾರಿಕೆಯ ‘ತೀರ್’ ಬಾಜಿಗೆ ಪರವಾನಗಿ ಕೊಟ್ಟು ತೆರಿಗೆ ಎತ್ತುತ್ತದೆ. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಆಟಗಳ ಕಾಯ್ದೆ ಮಾಡಿ ಕ್ರೀಡಾ ಬಾಜಿಗೂ ಅವಕಾಶ ಕೊಟ್ಟಿತು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಕೌಶಲದ ಆಟ ಎಂಬ ರಿಯಾಯಿತಿಯನ್ನೇ ಕಿತ್ತುಹಾಕಿದವು. ಬೆಟ್ಟಿಂಗಿಗೆ ನಿಯಮ ಮಾಡಿ ಒಪ್ಪಿಗೆ ಕೊಡುವ ಸಲಹೆಯನ್ನು 2016ರಲ್ಲಿ ಲೋಧಾ ಸಮಿತಿ ಕ್ರಿಕೆಟ್ಟಿನ ಮಟ್ಟಿಗೆ ಮುಂದಿಟ್ಟಿತು. 2018ರ ಕಾನೂನು ಆಯೋಗದ 276ನೇ ವರದಿಯಲ್ಲೂ ಆ ಚರ್ಚೆ ಇದೆ. ಸಲಹೆ ಕಡತದಲ್ಲೇ ಉಳಿಯಿತು.

ಕರ್ನಾಟಕ 2021ರ ಅಕ್ಟೋಬರಿನಲ್ಲಿ ನಿಷೇಧದ ಹಾದಿ ಹಿಡಿಯಿತು. ಆನ್‌ಲೈನ್ ಆಟಗಳನ್ನು ಜೂಜಿನ ವ್ಯಾಖ್ಯೆಗೆ ಎಳೆದು ತಂದು, ಅಪರಾಧಗಳನ್ನು ಸಂಜ್ಞೇಯ ಮಾಡಿತು. ಫ್ಯಾಂಟಸಿ ಕ್ರೀಡೆಯ ಆ್ಯಪ್ ಡ್ರೀಮ್11 ರಾಜ್ಯದಲ್ಲಿ ಆಟ ನಿಲ್ಲಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ, ಕೌಶಲವನ್ನೂ ಅದೃಷ್ಟವನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲವೆಂದು ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಸರ್ಕಾರ ಸುಪ್ರೀಂ ಕೋರ್ಟಿನ ಮೊರೆ ಹೋಯಿತು.

ಆ ತಕ್ಕಡಿಯನ್ನೇ ಬದಿಗಿಟ್ಟದ್ದು ಸಂಸತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ದುಡ್ಡು ಕಟ್ಟಿ ಆನ್‌ಲೈನಿನಲ್ಲಿ ಆಡುವ ಆಟ ಒದಗಿಸುವುದನ್ನೇ ನಿಷೇಧಿಸುತ್ತದೆ. ಒದಗಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಬೆಂಗಳೂರಿನ ಹೈಕೋರ್ಟೂ ಸೇರಿ ಹಲವೆಡೆ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು.

ಆದರೆ ಕಟ್ಟೆಯ ಮೇಲೆ ಕೂತು ಕೈಯಿಂದ ಕೈಗೆ ಕೊಡುವ ಬಾಜಿ ಈ ಕೇಂದ್ರ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅದು ಈಗಲೂ 1963ರ ಕಾಯ್ದೆಯ ಪಾಲು. ಅಂಥ ದುಡ್ಡನ್ನು ಕೋರ್ಟಿನ ಮೂಲಕ ವಸೂಲು ಮಾಡಲಾಗದು, 1872ರ ಕರಾರು ಕಾಯ್ದೆಯ 30ನೇ ಕಲಮು ಬಾಜಿಯ ಕರಾರನ್ನು ಅಸಿಂಧು ಎನ್ನುತ್ತದೆ. ಅಪರಾಧ ಹೌದೋ ಅಲ್ಲವೋ ಎಂಬುದನ್ನು ಮಾತ್ರ ಠಾಣೆ ಒಂದು ಬಗೆಯಲ್ಲಿ, ಹೈಕೋರ್ಟು ಇನ್ನೊಂದು ಬಗೆಯಲ್ಲಿ ಓದುತ್ತಿವೆ. ಕ್ರೀಡೆಯ ಮೇಲಿನ ಬಾಜಿ ಬೇಡವೆಂದಾದರೆ ಬೇಡವೆಂದು, ಬೇಕಾದರೆ ಯಾವ ಕರಾರಿನ ಮೇಲೆ ಎಂದು, ವಿಧಾನಮಂಡಲ 2(7)ನೇ ಕಲಮಿನಲ್ಲಿ ನೇರವಾಗಿ ಬರೆಯಬೇಕು.